ನ್ಯಾಶ್‌ವಿಲ್‌ನಲ್ಲಿ ಹಾಡಿನ ಕೆಲಸ, ಮನೆಯಲ್ಲಿ ಮಕ್ಕಳು: ಎರಡನ್ನೂ ನಡೆಸುವ ಬಗೆ

ಅಮೆರಿಕದ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ನಲ್ಲಿ, ಸಂಗೀತ ಕಂಪನಿಗಳು ನೆರೆದಿರುವ ಮ್ಯೂಸಿಕ್ ರೋದಲ್ಲಿ, ಹಾಡನ್ನು ಒಬ್ಬರೇ ಬರೆಯುವುದು ಕಡಿಮೆ. ಇಬ್ಬರು ಮೂವರು ಗಿಟಾರ್ ಹಿಡಿದು ಒಂದು ಕೋಣೆಯಲ್ಲಿ ಕೂರುತ್ತಾರೆ. ಇದಕ್ಕೆ ಅಲ್ಲಿ ಕೋ-ರೈಟ್ ಎನ್ನುತ್ತಾರೆ. ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆ, ಹನ್ನೊಂದಕ್ಕೆ ಶುರುವಾಗಿ ಮಧ್ಯಾಹ್ನ ಮೂರರ ಸುಮಾರಿಗೆ ಮುಗಿಯುತ್ತದೆ. ಮಕ್ಕಳಿರುವ ಬರಹಗಾರ್ತಿಗೆ ಇದು ದೊಡ್ಡ ಅನುಕೂಲ. ಶಾಲೆಯ ಹೊತ್ತಿನೊಳಗೇ ಹಾಡು ಹುಟ್ಟಬಹುದು. ತೊಡಕಾಗುವುದು ಕಾಗದಪತ್ರದಲ್ಲಿ ಮತ್ತು ಹಣ ಕೈಸೇರುವ ಕಾಲದಲ್ಲಿ. ಹಾಗಾಗಿ ಇಲ್ಲಿ ಅವೆರಡಕ್ಕೇ ಹೆಚ್ಚು ಜಾಗ.

ಮೊದಲು ಹೊತ್ತು. ವಾರಕ್ಕೆ ಮೂರು ಕೋ-ರೈಟ್ ಸಾಕು. ಐದು ಹಿಡಿದರೆ ಗುರುವಾರದ ಹೊತ್ತಿಗೆ ಹೇಳಲು ಹೊಸದೇನೂ ಉಳಿದಿರುವುದಿಲ್ಲ. ಎರಡೂವರೆಗೆ ಹೊರಡಬೇಕಿದ್ದರೆ ಕೂತ ಕೂಡಲೇ ಹೇಳಿ. ಎರಡೂ ಇಪ್ಪತ್ತಕ್ಕೆ ಹೇಳಿದರೆ ಹಾಡು ನಡುನೀರಿನಲ್ಲಿ ನಿಲ್ಲುತ್ತದೆ. ಗಡಿಯಾರ ಬಿಗಿಯಾಗಿದ್ದ ದಿನ ಕೋರಸ್ (ಪಲ್ಲವಿ) ಮೊದಲು ಮುಗಿಸಿ, ಆಮೇಲೆ ಮೊದಲ ಚರಣ. ಎರಡನೆಯ ಚರಣವನ್ನು ಸಂಜೆ ಫೋನಿನಲ್ಲೂ ತಿದ್ದಬಹುದು. ಅರೆಬರೆ ಕೋರಸ್ಸನ್ನು ಹಾಗೆ ಉಳಿಸಿಕೊಳ್ಳಲು ಆಗುವುದಿಲ್ಲ, ಮರುದಿನಕ್ಕೆ ಅದರ ಬಿಸಿ ಆರಿಹೋಗಿರುತ್ತದೆ.

ಮನೆಯಲ್ಲಿರುವಾಗ ಪೂರ್ತಿ ಹಾಡು ಬರೆಯಲು ಹೊರಟರೆ ಹಾಡೂ ಆಗದು, ಮನೆಗೆಲಸವೂ ಆಗದು. ಅಲ್ಲಿ ಹೊಳೆದದ್ದನ್ನು ಹಿಡಿದಿಟ್ಟರೆ ಸಾಕು. ಪಾತ್ರೆ ತೊಳೆಯುವಾಗ ಒಂದು ಸಾಲು ಹೊಳೆಯಿತೆನ್ನಿ. ಕೈ ಒರೆಸಿಕೊಂಡು ಫೋನಿನಲ್ಲಿ ಹಾಡಿ, ಕಡತಕ್ಕೆ ಆಗಲೇ ಹೆಸರಿಡಿ: ದಿನಾಂಕ, ಹಾಡಿನ ಶೀರ್ಷಿಕೆಯಾಗಬಹುದಾದ ಮಾತು, ವೇಗ. ಹೆಸರಿಲ್ಲದ ಇನ್ನೂರು ರೆಕಾರ್ಡಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ವರಮೇಳವನ್ನು ನ್ಯಾಶ್‌ವಿಲ್ ನಂಬರ್ ಪದ್ಧತಿಯಲ್ಲಿ, ಅಂದರೆ ಹೆಸರಿನ ಬದಲು ಕೀಯಲ್ಲಿ (ಶ್ರುತಿಯಲ್ಲಿ) ಅದು ಎಷ್ಟನೆಯದೋ ಆ ಅಂಕಿಯಿಂದ, ಗುರುತು ಮಾಡಿ. ಜಿ ಕೀಯಲ್ಲಿ ಜಿ ಎಂದರೆ 1, ಸಿ ಎಂದರೆ 4, ಡಿ ಎಂದರೆ 5, ಇ ಮೈನರ್ ಎಂದರೆ 6ರ ಪಕ್ಕ ಒಂದು ಅಡ್ಡಗೆರೆ. ಚೀಟಿಯ ಮೇಲೆ 1, 5, 6-, 4 ಎಂದು ಬರೆದಿಟ್ಟರೆ ನಾಳೆ ಹಾಡುವವರು ಯಾವ ಕೀ ಕೇಳಿದರೂ ಅದೇ ಚೀಟಿ ನಡೆಯುತ್ತದೆ. ಮಗು ಮಲಗಿದೆ ಎಂದು ತಗ್ಗಿದ ದನಿಯಲ್ಲಿ ಹಾಡಿಕೊಂಡ ಧಾಟಿಯ ಕೀ ಕೋಣೆಯಲ್ಲಿ ಬದಲಾಗಿಯೇ ಆಗುತ್ತದೆ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಪಾಲುಪಟ್ಟಿಯನ್ನು ಅಂದೇ ಮುಗಿಸಿ. ಕೋಣೆಯಲ್ಲಿ ಕೂತವರಿಗೆಲ್ಲ ಸಮಪಾಲು ಎನ್ನುವುದು ನ್ಯಾಶ್‌ವಿಲ್‌ನ ರೂಢಿ. ರೂಢಿ ಸಹಿಯಲ್ಲ. ನೀವು ಎದ್ದುಹೋದ ಮೇಲೆ ನಾಲ್ಕನೆಯವರು ಬಂದು ಒಂದು ಸಾಲು ಬದಲಿಸಿದರೆ ಪಾಲು ಎಷ್ಟೆಂಬ ಜಗಳ ಹುಟ್ಟುವುದು ಹಾಡು ಗೆದ್ದ ಮೇಲೆಯೇ. ಹೆಸರುಗಳು, ಪ್ರತಿಯೊಬ್ಬರ ಶೇಕಡಾವಾರು, ಅವರವರ ಪಬ್ಲಿಷರ್ (ಬರಹಗಾರರ ಹಾಡುಗಳ ಹಕ್ಕು ನೋಡಿಕೊಳ್ಳುವ ಕಂಪನಿ), ದಿನಾಂಕ ಇಷ್ಟನ್ನು ಬರೆದು ಎಲ್ಲರ ಒಪ್ಪಿಗೆ ಪಡೆದೇ ಕಾರು ಹತ್ತಿ. ಹಾಡು ರೆಕಾರ್ಡ್ ಆಗಿ ಹೊರಬರುವ ಮುನ್ನ ಪ್ರದರ್ಶನ ರಾಯಲ್ಟಿಗಾಗಿ (ರೇಡಿಯೋ, ವೇದಿಕೆ ಮುಂತಾದೆಡೆ ಹಾಡು ಮೊಳಗಿದ್ದಕ್ಕೆ ಸಿಗುವ ಹಣ) ಅದನ್ನು ಸಂಗ್ರಹಿಸಿಕೊಡುವ ನಿಮ್ಮ ಸಂಸ್ಥೆಯಲ್ಲಿ, ಅದು ಆಸ್ಕ್ಯಾಪ್ ಇರಲಿ, ಬಿಎಂಐ ಇರಲಿ, ನೋಂದಾಯಿಸಿ. ಸ್ಟ್ರೀಮಿಂಗ್‌ನ ಮೆಕ್ಯಾನಿಕಲ್ ರಾಯಲ್ಟಿ (ಹಾಡಿನ ಪ್ರತಿಗೆ, ಸ್ಟ್ರೀಮಿಗೆ ಸಿಗುವ ಹಣ) ಬೇರೆ ದಾರಿಯಲ್ಲಿ, ಅದನ್ನು ಸಂಗ್ರಹಿಸಿ ಹಂಚುವ ಸಂಸ್ಥೆಯಾದ ದಿ ಎಂಎಲ್‌ಸಿ ಮೂಲಕ ಬರುತ್ತದೆ. ಪಬ್ಲಿಷರ್ ಇಲ್ಲದವರು ಅಲ್ಲಿಯೂ ತಾವೇ ಸದಸ್ಯರಾಗಬೇಕು. ಒಂದನ್ನೇ ಮಾಡಿ ಸುಮ್ಮನಾಗುವವರು ಬಹಳ ಮಂದಿ. ಇನ್ನೊಂದು ದಾರಿಯ ದುಡ್ಡು ಅಲ್ಲೇ ಕಾಯುತ್ತಿರುತ್ತದೆ.

ಈಗ ಪಬ್ಲಿಷಿಂಗ್ ಒಪ್ಪಂದ. ಪಬ್ಲಿಷರ್ ತಿಂಗಳು ತಿಂಗಳು ಕೊಡುವ ಡ್ರಾ ಸಂಬಳದಂತೆ ಕಂಡರೂ ಅದು ನಿಮ್ಮದೇ ರಾಯಲ್ಟಿಯ ಮುಂಗಡ, ಮುಂದೆ ಮುರಿದುಕೊಳ್ಳುತ್ತಾರೆ. ಹೆಂಗಸರು ಸಹಿಗೆ ಮುನ್ನ ಕಣ್ಣಿಟ್ಟು ಓದಬೇಕಾದದ್ದು ಎಷ್ಟು ಹಾಡು ಒಪ್ಪಿಸಬೇಕು ಎನ್ನುವ ಷರತ್ತು. ಅಲ್ಲಿ ಲೆಕ್ಕ ಪೂರ್ಣ ಹಾಡುಗಳದ್ದು. ವರ್ಷಕ್ಕೆ 12 ಎಂದಿದ್ದು, ನೀವು ಮೂವರ ಕೂಟದಲ್ಲೇ ಬರೆಯುವವರಾದರೆ ಒಂದೊಂದೂ ಮೂರನೇ ಒಂದು ಪಾಲು. ಅಂದರೆ ಬರೆಯಬೇಕಾದದ್ದು 36. ಲೆಕ್ಕ ತುಂಬದಿದ್ದರೆ ಒಪ್ಪಂದದ ಅವಧಿ ತಾನಾಗಿ ಮುಂದಕ್ಕೆ ಹೋಗುವಂತೆ ಬರೆದಿರುವುದು ಸಾಮಾನ್ಯ, ಹಾಗೆ ಹಿಗ್ಗಿದ ತಿಂಗಳುಗಳಲ್ಲಿ ಡ್ರಾ ನಿಂತಿರಲೂಬಹುದು. ಬಾಣಂತನದ ನಾಲ್ಕು ತಿಂಗಳು ಇಡೀ ವರ್ಷವನ್ನು ತಿನ್ನುವುದು ಹೀಗೆ. ಆದ್ದರಿಂದ ಹೆರಿಗೆಗೆ ಬಿಟ್ಟ ತಿಂಗಳುಗಳ ಪ್ರಮಾಣಕ್ಕೆ ತಕ್ಕಂತೆ ಹಾಡುಗಳ ಸಂಖ್ಯೆ ಇಳಿಯಬೇಕು, ಡ್ರಾ ನಿಲ್ಲಬಾರದು ಎಂದು ಮೊದಲ ಸಹಿಯಲ್ಲೇ ಬರೆಸಿಕೊಳ್ಳಿ. ಬಸುರಿಯಾದ ಮೇಲೆ ಕೇಳಿದರೆ ಅವರ ದಯೆ, ಮೊದಲೇ ಬರೆಸಿದ್ದರೆ ನಿಮ್ಮ ಹಕ್ಕು. ಸಂಗೀತ ಒಪ್ಪಂದ ಬಲ್ಲ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಹಣದ ಗಾತ್ರವನ್ನೂ ಕಣ್ಣಾರೆ ನೋಡಿ. 2025ರಲ್ಲಿ ಅಮೆರಿಕದಲ್ಲಿ ಸಿಡಿ, ವಿನೈಲ್ ಅಥವಾ ಡೌನ್‌ಲೋಡಿನ ಒಂದು ಪ್ರತಿಗೆ, ಐದು ನಿಮಿಷದೊಳಗಿನ ಹಾಡಿಗೆ, ಕಾನೂನಿನ ಮೆಕ್ಯಾನಿಕಲ್ ದರ 12.7 ಸೆಂಟ್ ಇತ್ತು. ಮೂವರು ಬರೆದಿದ್ದರೆ ನಿಮ್ಮ ಪಾಲು ಸುಮಾರು 4.2 ಸೆಂಟ್. ಅದರಲ್ಲಿ ಅರ್ಧ ಪಬ್ಲಿಷರ್‌ಗೆ ಎಂದಿದ್ದರೆ ಉಳಿಯುವುದು 2.1 ಸೆಂಟ್, ಅದೂ ಮೊದಲು ಮುಂಗಡದ ಬಾಕಿಗೆ ಹೋಗುತ್ತದೆ. ಬರಹಗಾರರ ಮನೆ ನಿಲ್ಲುವುದು ಹೆಚ್ಚಾಗಿ ರೇಡಿಯೋದಿಂದ, ಆದರೆ ಹಾಡು ಮೊಳಗಿ ಆರು ತಿಂಗಳಾದರೂ ಕಳೆಯದೆ ಆ ಹಣ ಕೈಗೆ ಸಿಗದು. ಗಾಯಕರೊಬ್ಬರು ಹಾಡನ್ನು ಹೋಲ್ಡ್ ಮಾಡಿದ್ದಾರೆ, ಅಂದರೆ ತಮಗಾಗಿ ಕಾದಿರಿಸಿದ್ದಾರೆ, ಎಂಬ ಸುದ್ದಿ ನಂಬಿ ಮನೆ ಸಾಲ ಮಾಡಬೇಡಿ. ರೆಕಾರ್ಡ್ ಆದ ಹಾಡೂ ಆಲ್ಬಮ್‌ನಿಂದ ಕೊನೇ ಗಳಿಗೆಯಲ್ಲಿ ಬಿದ್ದುಹೋಗುತ್ತದೆ.

ಡ್ರಾದಲ್ಲಿ ತೆರಿಗೆ ಮೊದಲೇ ಕಳೆದಿರುವುದಿಲ್ಲ. ಸ್ವಂತ ಉದ್ಯೋಗದ ತೆರಿಗೆಯೇ 15.3 ಶೇಕಡಾ, ಆದಾಯ ತೆರಿಗೆ ಅದರ ಮೇಲೆ. ಕೈಗೆ ಬಂದ ದಿನವೇ ಮೂರನೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯ 15ಕ್ಕೆ ಅಂದಾಜು ಕಂತು ಕಟ್ಟಬೇಕು. ನೀವು ದುಡಿಯುವ ಹೊತ್ತಿಗೆಂದು ಮಗುವನ್ನು ನೋಡಿಕೊಳ್ಳುವವರಿಗೆ ಕೊಟ್ಟ ಹಣದ ರಸೀದಿ ಇಡಿ, ಅದಕ್ಕೆ ತೆರಿಗೆಯಲ್ಲಿ ರಿಯಾಯಿತಿ ಇದೆ.

ಸಂಜೆಯ ಕರೆಗಳಿಗೆಲ್ಲ ಹೂಂ ಎನ್ನಬೇಕಿಲ್ಲ. ಬರಹಗಾರರು ತಮ್ಮ ಹಾಡನ್ನು ತಾವೇ ಹಾಡುವ, 1982ರಲ್ಲಿ ಶುರುವಾದ ಬ್ಲೂಬರ್ಡ್ ಕೆಫೆಯಲ್ಲಿ ಸುಮಾರು 90 ಜನಕ್ಕಷ್ಟೇ ಜಾಗ, ಆದರೂ ಅಲ್ಲಿ ಸುತ್ತ ಕೂತು ಹಾಡಿದ ಒಂದು ಸಂಜೆ ಹತ್ತು ಪಾರ್ಟಿಗೆ ಸಮ. ತಿಂಗಳಿಗೆ ಎರಡು ಸಂಜೆ ಆರಿಸಿಕೊಳ್ಳಿ, ಉಳಿದವು ಮನೆಗಿರಲಿ. ಗಾಯಕರ ಟೂರ್ ಬಸ್ಸಿನಲ್ಲಿ ವಾರಾಂತ್ಯ ಬರೆಯುವ ಕರೆ ಬಂದರೆ ಮಾತ್ರ ಯೋಚಿಸಿ ನೋಡಿ, ಮುಂದೆ ಆ ಹಾಡನ್ನು ಹಾಡುವವರು ಪಕ್ಕದಲ್ಲೇ ಇರುತ್ತಾರೆ.

ಮಗುವಿಗೆ ಜ್ವರ ಬಂದ ಬೆಳಿಗ್ಗೆ ಎಂಟರೊಳಗೆ ಜೊತೆಗಾರರಿಗೆ ಫೋನ್ ಮಾಡಿ. ಬರುವುದಿಲ್ಲ ಎಂದಷ್ಟೇ ಹೇಳದೆ, ವಿಡಿಯೋದಲ್ಲಿ ಒಂದೂವರೆ ಗಂಟೆ ಕೂರುತ್ತೇನೆ ಎನ್ನಿ, ಶೀರ್ಷಿಕೆಯೊಂದನ್ನು ಕಳಿಸಿಕೊಡಿ. ವಿಡಿಯೋದಲ್ಲಿ ಇಬ್ಬರು ಒಟ್ಟಿಗೆ ಹಾಡಿದರೆ ದನಿ ಹಿಂದೆ ಮುಂದೆ ಆಗುತ್ತದೆ. ಅಂಥ ದಿನ ಧಾಟಿಯ ಗೊಡವೆ ಬಿಟ್ಟು ಸಾಹಿತ್ಯವನ್ನಷ್ಟೇ ಹಿಡಿಯಿರಿ.