ಪ್ರಾಜೆಕ್ಟ್ ಮುಗಿದ ಮೇಲೆ ಉಳಿದ ರೂಮು

ಮುಧೋಳದ ಬಸ್ ಸ್ಟ್ಯಾಂಡ್‌ನಿಂದ ಸ್ವಲ್ಪ ದೂರ ನಡೆದರೆ ಒಂದು ಓಣಿ. ಅಲ್ಲಿ ನಮ್ಮ ಬಾಡಿಗೆ ಕೋಣೆ ಇತ್ತು. ಪ್ರಾಜೆಕ್ಟ್ ಕಾಗದದಲ್ಲಿ ಅದಕ್ಕೆ ‘ಡ್ರಾಪ್ ಇನ್ ಸೆಂಟರ್’ ಅಂತ ಹೆಸರು. ಅಲ್ಲಿಗೆ ಬರುತ್ತಿದ್ದ ಲೈಂಗಿಕ ವೃತ್ತಿಯ ಹೆಂಗಸರಿಗೆ ಅದು ಬರೀ ‘ರೂಮು’. ನಾಲ್ಕು ಚಾಪೆ, ಒಂದು ಕನ್ನಡಿ, ಒಂದು ಬಚ್ಚಲು, ನೀರು ಕಾಯಿಸಲು ಒಂದು ಸ್ಟೋವ್. ಹೊರಗೆ ‘ಮಹಿಳಾ ಸಂಘ’ ಅಂತಷ್ಟೇ ಬೋರ್ಡು. ಏಡ್ಸ್ ಅಂತ ಬರೆದಿದ್ದರೆ ಮನೆ ಮಾಲೀಕರು ಮರುದಿನವೇ ಖಾಲಿ ಮಾಡಿಸುತ್ತಿದ್ದರು.

ಅವರ ನಡುವೆ ಎಚ್‌ಐವಿ ತಡೆಯುವ ಈ ಕೆಲಸಕ್ಕೆ ನಾನು 2005ರಲ್ಲಿ ಸೇರಿದೆ. ಅದು ಬಾಗಲಕೋಟೆ, ಬೆಳಗಾವಿ ಕಡೆ ಎಚ್‌ಐವಿ ಹೆಸರು ಕೇಳಿದರೇ ಜನ ನಡುಗುತ್ತಿದ್ದ ಕಾಲ. 2003ರಲ್ಲಿ ಗೇಟ್ಸ್ ಫೌಂಡೇಶನ್ ‘ಅವಾಹನ್’ ಅನ್ನುವ ದೊಡ್ಡ ಕಾರ್ಯಕ್ರಮ ಶುರು ಮಾಡಿತ್ತು. ಕರ್ನಾಟಕ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ, ನಾಗಾಲ್ಯಾಂಡ್ ಹೀಗೆ ಆರು ರಾಜ್ಯಗಳಲ್ಲಿ ಅದರ ಕೆಲಸ. ಫೌಂಡೇಶನ್ ಇರುವ ಅಮೆರಿಕದ ಸಿಯಾಟಲ್‌ನಿಂದ ಹೊರಟ ದುಡ್ಡು ದೆಹಲಿ, ಬೆಂಗಳೂರು ದಾಟಿ ನಮ್ಮಂಥ ತಾಲ್ಲೂಕಿನ ಸಣ್ಣ ಸಂಸ್ಥೆಗಳಿಗೆ ತಲುಪುತ್ತಿದ್ದ ದಿನಗಳು ಅವು. ನಮ್ಮದೂ ಅಂಥದೇ ಒಂದು ಸರಪಳಿಯ ಕೊನೆಯ ಕೊಂಡಿ. ಪಾಸ್‌ಬುಕ್ಕಿನಲ್ಲಿ ಅಷ್ಟು ಸೊನ್ನೆ ನಾವು ಅದಕ್ಕೂ ಮೊದಲು ಕಂಡಿರಲೇ ಇಲ್ಲ.

ತರಬೇತಿಯಲ್ಲಿ ನಮಗೆ ಕೋಲ್ಕತ್ತದ ಸೋನಾಗಾಚಿ ಅನ್ನುವ ದಂಧೆಯ ಬಡಾವಣೆಯ ಕಥೆ ಹೇಳುತ್ತಿದ್ದರು. 1992ರಲ್ಲಿ ಡಾ. ಸ್ಮರಜಿತ್ ಜಾನಾ ಅಲ್ಲಿ ಶುರು ಮಾಡಿದ ಕೆಲಸ ಅದು. ದಂಧೆಯ ಹೆಂಗಸರೇ ತಮ್ಮವರಿಗೆ ತಿಳಿವಳಿಕೆ ಕೊಡುವ ರೀತಿ. ಕೇಳಲು ಚೆಂದ. ಆದರೆ ಸೋನಾಗಾಚಿಯಲ್ಲಿ ಒಂದೇ ಓಣಿಯಲ್ಲಿ ಸಾವಿರಾರು ಜನ ಸಿಗುತ್ತಾರೆ. ನಮ್ಮ ಕಡೆ ಹಾಗಿಲ್ಲ. ಇಲ್ಲಿ ಹಳ್ಳಿಯ ತಮ್ಮ ಮನೆಯಲ್ಲೇ ಇರುವವರು ಜಾಸ್ತಿ. ಅವ್ವ, ಮಕ್ಕಳು, ಎರಡು ಆಡು, ಕಟ್ಟೆ ಮೇಲೆ ತುಳಸಿ. ಅವರಲ್ಲಿ ಎಷ್ಟೋ ಜನ ಸಣ್ಣವರಿದ್ದಾಗ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು. ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲೇ ಬಂದಿದೆ. ಕಾಯ್ದೆ ಮನೆಯ ಹೊಸ್ತಿಲು ದಾಟಲು ಮಾತ್ರ ಬಹಳ ವರ್ಷ ತಗೊಂಡಿತು. ಹಾಗಾಗಿ ನಮ್ಮ ಕೆಲಸ ಅಂದರೆ ಕೆಂಪು ಬಸ್ಸು ಹತ್ತಿ ಹಳ್ಳಿ ಹಳ್ಳಿ ಸುತ್ತುವುದು. ದಿನಕ್ಕೆ ಮೂರು ಮನೆ ಆದರೆ ದೊಡ್ಡದು.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಪ್ರತಿ ತಿಂಗಳು ಒಂದು ಫಾರ್ಮ್ ತುಂಬಬೇಕಿತ್ತು. ಎಷ್ಟು ಜನರನ್ನು ಕಂಡಿರಿ, ಎಷ್ಟು ಕಾಂಡೋಮ್ ಹಂಚಿದಿರಿ, ಎಷ್ಟು ಜನ ಕ್ಲಿನಿಕ್ಕಿಗೆ ಬಂದರು. ನಮ್ಮ ಅಂಕಿ ಒಳ್ಳೇದಿತ್ತು. ನನಗೂ ಹೆಮ್ಮೆ. ಒಂದು ದಿನ ಕಾಲುವೆ ದಂಡೆಯಲ್ಲಿ ನಡೆಯುವಾಗ ಪೂರ್ತಿ ಒಂದು ಡಬ್ಬಿ ಕಾಂಡೋಮ್ ನೀರಿನಲ್ಲಿ ತೇಲುವುದು ಕಾಣಿಸಿತು. ನಮ್ಮದೇ ಡಬ್ಬಿ. ಟಾರ್ಗೆಟ್ ಮುಟ್ಟಿಸಲು ನಮ್ಮ ಪೀರ್, ಅಂದರೆ ತಮ್ಮವರಿಗೇ ತಿಳಿವಳಿಕೆ ಕೊಡುವ ಹೆಂಗಸರಲ್ಲಿ ಒಬ್ಬಾಕೆ, ಎಸೆದಿದ್ದಳು. ಆ ತಿಂಗಳ ಫಾರ್ಮಿಗೆ ಸಹಿ ಹಾಕಿದವಳು ನಾನೇ.

ಬೈಯಲು ಹೋದೆ. ಅವಳು ತಣ್ಣಗೆ ಕೇಳಿದಳು, “ಅಕ್ಕಾರ, ನೀವು ಹಾಳಿ ತುಂಬಾಕ ಬರ್ತೀರೋ, ನಮ್ಮನ್ನ ನೋಡಾಕ ಬರ್ತೀರೋ?”

ಅಂದು ರಾತ್ರಿ ಊಟ ಸೇರಲಿಲ್ಲ. ಮರುವಾರ ರೂಮಿನಲ್ಲಿ ಎಲ್ಲರನ್ನೂ ಕೂರಿಸಿ ಲೆಕ್ಕ ಇಡುವ ರೀತಿಯನ್ನೇ ಬದಲಿಸಿದೆವು. ಬಹಳ ಜನರಿಗೆ ಓದು ಬರದು. ಹಾಗಾಗಿ ದೊಡ್ಡ ಹಾಳೆಯಲ್ಲಿ ಊರು, ಓಣಿ, ಮನೆ ಬಿಡಿಸಿ ಟಿಕಳಿ (ಹಣೆಗೆ ಇಡುವ ಬಿಂದಿ) ಅಂಟಿಸಿದೆವು. ಆರಾಮಿದ್ದು ಕ್ಲಿನಿಕ್ಕಿಗೆ ಬಂದು ಹೋಗುವವಳಿಗೆ ಹಸಿರು ಟಿಕಳಿ. ಮೂರು ತಿಂಗಳಿಂದ ಬರದವಳಿಗೆ ಕೆಂಪು. ಗಿರಾಕಿ ಜಾಸ್ತಿ ಇದ್ದು ಕಾಂಡೋಮ್ ಜಾಸ್ತಿ ಬೇಕಾದವಳಿಗೆ ಹಳದಿ. ಹೆಸರು ಬರೆಯಲಿಲ್ಲ, ಗುರುತು ಅವರಿಗೇ ಗೊತ್ತು. ಯಾರಿಗೆ ಎಷ್ಟು ಬೇಕೋ ಅಷ್ಟೇ ಒಯ್ಯುವುದು ಅಂತ ಆಯಿತು. ಹಂಚಿದ ಅಂಕಿ ಕೆಳಗಿಳಿಯಿತು, ಕ್ಲಿನಿಕ್ಕಿಗೆ ಬರುವವರ ಅಂಕಿ ಏರಿತು. ಅಂಕಿ ಯಾಕೆ ಇಳಿಯಿತು ಅಂತ ಮೇಲಿನವರಿಗೆ ವಿವರಿಸುವುದರಲ್ಲೇ ಎರಡು ತಿಂಗಳು ಹೋಯಿತು ಅನ್ನಿ. ಆಮೇಲೆ ಹೊರದೇಶದವರೊಬ್ಬರು ಬಂದು ಟಿಕಳಿ ಹಾಳೆಯ ಫೋಟೋ ತೆಗೆದುಕೊಂಡು ಹೋದರು.

ಹೆಂಗಸರಿಗೆ ಎಚ್‌ಐವಿಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಗೂಂಡಾಗಳು, ಪೊಲೀಸರು. ಸುಮ್ನೆ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಿದ್ದಕ್ಕೂ ಎಳೆದೊಯ್ದದ್ದುಂಟು. ಪೆಟ್ಟು ತಿಂದವಳ ಮುಂದೆ ಕಾಂಡೋಮ್ ಪಾಠ ಮಾಡಲು ಆಗುತ್ತದಾ? ಐದು ಹೆಂಗಸರು, ಒಬ್ಬ ವಕೀಲರು ಸೇರಿ ಒಂದು ತಂಡ ಮಾಡಿಕೊಂಡೆವು. ಒಂದು ಮೊಬೈಲು ರಾತ್ರಿ ಪೂರ್ತಿ ಆನ್. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸಬಾರದು, ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. 2005ರ ತಿದ್ದುಪಡಿಯಿಂದ ಅಪರಾಧ ಪ್ರಕ್ರಿಯೆಯ ಕಾಯ್ದೆ ಸಿಆರ್‌ಪಿಸಿಯ 46ನೇ ಕಲಮಿಗೆ ಸೇರಿದ ಮಾತು ಇದು. (ಈಗ ಅದು ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 43ನೇ ಕಲಮು.) ಅದನ್ನು ವಕೀಲರು ಕನ್ನಡದಲ್ಲಿ ಬರೆದುಕೊಟ್ಟರು, ನಾವು ಝೆರಾಕ್ಸ್ ಮಾಡಿಸಿ ಎಲ್ಲರ ಪರ್ಸಿಗೂ ಹಾಕಿದೆವು. ಒಂದು ರಾತ್ರಿ ಹನ್ನೊಂದಕ್ಕೆ ಫೋನ್. ಠಾಣೆಗೆ ಹೋಗಿ ನಾನು ಬಾಯಿ ತೆಗೆಯುವ ಮೊದಲೇ ನಮ್ಮ ತಂಡದ ಹಿರಿಯಾಕೆ ಆ ಝೆರಾಕ್ಸ್ ಬಿಚ್ಚಿ ಮೇಜಿನ ಮೇಲಿಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾವ ಸಾಲಿನ ಮೇಲೆ ಬೆರಳಿಡಬೇಕು ಅನ್ನುವುದು ಗೊತ್ತಿತ್ತು. ಅರ್ಧ ತಾಸಿನಲ್ಲಿ ಹುಡುಗಿಯನ್ನು ಕರೆದುಕೊಂಡು ಬಂದೆವು.

ದುಡ್ಡಿನ ಜೊತೆ ಶರತ್ತು ಬರುವುದನ್ನೂ ಆಗಲೇ ನೋಡಿದೆ. 2003ರ ಅಮೆರಿಕದ ಕಾನೂನಿನ ಪ್ರಕಾರ ಅವರ ಏಡ್ಸ್ ಹಣ ಬೇಕಾದರೆ ಸಂಸ್ಥೆಯು ವೇಶ್ಯಾವೃತ್ತಿಯನ್ನು ವಿರೋಧಿಸುವುದಾಗಿ ಬರೆದುಕೊಡಬೇಕು. ನಮ್ಮ ಗಡಿಯಾಚೆ ಸಾಂಗ್ಲಿಯ ‘ಸಂಗ್ರಾಮ್’ ಸಂಸ್ಥೆ 2005ರಲ್ಲಿ ಆ ಹಣವೇ ಬೇಡ ಅಂದಿತು. ಬ್ರೆಜಿಲ್ ದೇಶವೂ ಅದೇ ವರ್ಷ ಸುಮಾರು 4 ಕೋಟಿ ಡಾಲರ್ ಬಿಟ್ಟುಕೊಟ್ಟಿತು. ನಿಪ್ಪಾಣಿ ಕಡೆಯಿಂದ ಬಂದ ಗೆಳತಿಯರಿಂದ ಈ ಸುದ್ದಿ ಕೇಳಿದಾಗಿನಿಂದ ನಾನು ಕರಾರು ಪತ್ರದ ಕೊನೆಯ ಪುಟವನ್ನು ಮೊದಲು ಓದುತ್ತೇನೆ.

ಅವಾಹನ್ ಕೆಲಸ 2009ರಿಂದ ಕಂತು ಕಂತಾಗಿ ಸರ್ಕಾರದ ಕಾರ್ಯಕ್ರಮಕ್ಕೆ ಸೇರತೊಡಗಿತು. ನಮ್ಮ ಸರದಿಯೂ ಬಂತು. ನಿಜ ಹೇಳಬೇಕೆಂದರೆ ಅದು ಸರಿಯಾದ ದಾರಿಯೇ. 2004ರ ಏಪ್ರಿಲ್‌ನಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಯನ್ನು ಪುಕ್ಕಟೆ ಕೊಡಲು ಶುರು ಮಾಡಿದ್ದು ಸರ್ಕಾರ. ಬದುಕಿಡೀ ನುಂಗುವ ಗುಳಿಗೆಯನ್ನು ಯಾವ ಡೋನರ್ ಕೊಟ್ಟಾನು? ಐದು ವರ್ಷದ ಪ್ರಾಜೆಕ್ಟಿಗೂ ಬದುಕಿಡೀ ಇರುವ ಕಾಯಿಲೆಗೂ ಹೊಂದಾಣಿಕೆ ಎಲ್ಲಿಯದು? ಆದರೆ ಹಣ ಕಡಿಮೆಯಾದಾಗ ಮೊದಲು ಹೋಗುವುದು ಫಾರ್ಮಿನಲ್ಲಿ ಎಣಿಸಲು ಬಾರದ ಬಾಬತ್ತು. ನಮ್ಮಲ್ಲಿ ರೂಮಿನ ಬಾಡಿಗೆ ಹೋಯಿತು, ರಾತ್ರಿ ಫೋನಿನ ಖರ್ಚು ಹೋಯಿತು.

ಹೆಂಗಸರು ಸೇರಿದರು. ನಾನು ಸಮಾಧಾನ ಹೇಳಲು ಹೋಗಿದ್ದೆ, ಅವರು ಆಗಲೇ ಲೆಕ್ಕ ಹಾಕುತ್ತಿದ್ದರು. ತಲಾ ಇಪ್ಪತ್ತು ರೂಪಾಯಿ ಪಟ್ಟಿ, ಇನ್ನೊಂದು ಓಣಿಯಲ್ಲಿ ಸಣ್ಣ ಕೋಣೆ, ನಾಲ್ಕು ಮಂದಿಯ ಹತ್ತಿರ ಕೀಲಿ. “ಅಕ್ಕಾರ, ನಿಮಗೊಂದು ಕೀಲಿ ಬ್ಯಾಡ್ರಿ, ನೀವು ಬಂದಾಗ ನಾವು ಇರ್ತೀವಲ್ಲ” ಅಂದರು. ಆ ಕ್ಷಣ ಬೇಜಾರಾಯಿತು. ಆಮೇಲೆ ಬಸ್ಸಿನಲ್ಲಿ ಕೂತಾಗ ನಗು ಬಂತು.

2020ರ ಸೆಪ್ಟೆಂಬರ್‌ನಲ್ಲಿ ಹೊರದೇಶದ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಬಂತು. ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಹಣ ಮೊದಲು ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೆ. ಅಲ್ಲಿಗೆ ನಮ್ಮಂಥವರ ಸರಪಳಿಯೇ ಕಡಿದಂತಾಯಿತು. ನಮ್ಮ ವಲಯದಲ್ಲೂ ಸುಳ್ಳು ಲೆಕ್ಕದವರು ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಾಲ್ಲೂಕಿನ ಸಣ್ಣ ಸಂಸ್ಥೆ ದೆಹಲಿಗೆ ನೇರ ಮುಟ್ಟುವುದು ಅಂದರೆ ಅದಕ್ಕೇ ಒಬ್ಬ ಅಕೌಂಟೆಂಟ್ ಬೇಕು. ಆ ಸಂಬಳವೂ ಆಡಳಿತ ಖರ್ಚೇ, ಅಲ್ವಾ? ನಾವು ಸಿಬ್ಬಂದಿಯನ್ನು ಮೂರಕ್ಕೆ ಇಳಿಸಿದೆವು. ಊರಿನವರ ವಂತಿಗೆಯಲ್ಲಿ ನಡೆಯುತ್ತಿದೆ, ಕುಂಟುತ್ತಾ.

ಹೋದ ತಿಂಗಳು ಆ ಸಣ್ಣ ಕೋಣೆಗೆ ಹೋಗಿದ್ದೆ. ಗೋಡೆಯ ಮೇಲೆ ಹೊಸ ಟಿಕಳಿ ಹಾಳೆ. ಕೆಂಪು ಜಾಸ್ತಿ ಇತ್ತು, ನನಗೆ ಎದೆ ಧಸಕ್ ಅಂದಿತು. “ಏ, ಅದು ಜಡ್ಡಿಂದಲ್ರೀ” ಅಂದಳು ಹಿರಿಯಾಕೆ. “ಪೆನ್ಶನ್ ಬಂದ್ ಆದವರು. ಸೋಮವಾರ ಎಲ್ಲಾರೂ ಕೂಡಿ ತಹಶೀಲ್ದಾರ್ ಆಫೀಸಿಗೆ ಹೊಂಟೀವಿ. ನೀವು ಬರ್ತಿದ್ರ ಬರ್ರಿ.”