ಪಗಾರ ಮನೆಗೆ, ಭತ್ತೆ ಖಾತೆಗೆ: ಹೊಸ ಲಾರಿ ಡ್ರೈವರ್ ಆಗಿ ನನ್ನ ಅನುಭವ

ಭತ್ತೆ ಹೊಟ್ಟೆಗೆ, ಪಗಾರ ಉಳಿತಾಯಕ್ಕೆ. ನಮ್ಮ ಲೈನಿನಲ್ಲಿ ಎಲ್ಲರೂ ಹೇಳುವುದು ಇದೇ. ಭತ್ತೆ ಅಂದರೆ ಗಾಡಿ ಓಡಿದ ದಿನಕ್ಕೆ ಊಟದ ಖರ್ಚಿಗೆ ಅಂತ ಕೊಡುವ ರೊಕ್ಕ. ಆದರೆ ಪಗಾರ ಮನೆಗೆ ಹೋದ ಮೇಲೆ ಉಳಿಯುವುದಿಲ್ಲ: ಸಾಲೆ ಫೀ, ದವಾಖಾನೆ, ಹೊಲದ ಗೊಬ್ಬರ ಅಂತ ಅಲ್ಲೇ ಮುಗಿಯುತ್ತದೆ. ಹಾಗಾಗಿ ನಾನು ಉಲ್ಟಾ ಮಾಡಿದೆ. ಪಗಾರ ಪೂರ್ತಿ ಮನೆಗೆ, ಭತ್ತೆಯಲ್ಲಿ ಮುಕ್ಕಾಲು ಪಾಲು ಗಾಡಿ ಹೊರಡುವ ಮೊದಲೇ ಖಾತೆಗೆ. ವಿಜಯಪುರದ ಲಾರಿ ಸ್ಟ್ಯಾಂಡಿನಲ್ಲಿ ಇದನ್ನು ಹೇಳಿದಾಗ ಹಿರಿಯ ಡ್ರೈವರ್ ಒಬ್ಬರು, "ತಮ್ಮಾ, ಭತ್ತೆ ಉಳಿಸಿದ ಡ್ರೈವರ್‌ನ ನಾ ಇನ್ನೂ ಕಂಡಿಲ್ಲ. ಒಂದೋ ಉಪಾಸ ಬೀಳ್ತಿ, ಇಲ್ಲಾಂದ್ರ ಡೀಸೆಲ್ ಮಾರ್ತಿ" ಅಂದರು. ಎರಡು ವರ್ಷದ ಮೇಲಾಯಿತು. ಉಪವಾಸ ಬಿದ್ದಿಲ್ಲ, ಒಂದು ಲೀಟರ್ ಡೀಸೆಲ್ ಮಾರಿಲ್ಲ, ಒಂದೂ ಮುಕ್ಕಾಲು ಲಕ್ಷದ ಸುತ್ತಮುತ್ತ ಕೂಡಿದೆ. ಅದೇ ಹಿರಿಯರು ಈಗ ತಮ್ಮ ಮಗನನ್ನು ನನ್ನ ಹತ್ತಿರ ಕಳಿಸಿ ಕೇಳಿಸಿದ್ದಾರೆ.

ನನ್ನದು ಹತ್ತು ಗಾಲಿಯ ಗಾಡಿ. ಉಳ್ಳಾಗಡ್ಡಿ ಸೀಜನ್ನಿನಲ್ಲಿ ಬಸವನ ಬಾಗೇವಾಡಿ ಕಡೆಯಿಂದ ಯಶವಂತಪುರ ಮಾರ್ಕೆಟ್ಟಿಗೆ. ಉಳಿದಂತೆ ಬಾಗಲಕೋಟೆ ಕಡೆಯ ಫ್ಯಾಕ್ಟರಿಗಳಿಂದ ಸಕ್ಕರೆ, ಕಲಬುರಗಿ ಕಡೆಯಿಂದ ಸಿಮೆಂಟ್, ಬೇಸಿಗೆಗೆ ತಾಸಗಾಂವ್-ಸಾಂಗ್ಲಿಗೆ ಒಣದ್ರಾಕ್ಷಿ. ಪಗಾರ ಹದಿನೈದು-ಹದಿನಾರು ಸಾವಿರ. ಭತ್ತೆ ಗಾಡಿ ಓಡಿದ ದಿನಕ್ಕೆ ನಾನೂರು. ಮುನ್ನೂರು ಖಾತೆಗೆ, ನೂರು ಕೈಯಲ್ಲಿ.

ಇದಕ್ಕೂ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿಯಾಗಿತ್ತು. ಕ್ಯಾಬಿನ್ನಿನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ರೊಕ್ಕ ಇಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ, ಹಗಲು ಕೈ ಸುಮ್ಮನಿರುವುದಿಲ್ಲ. ಸಾವಕಾರರ, ಅಂದರೆ ಗಾಡಿ ಮಾಲೀಕರ ಹತ್ತಿರ ಪಗಾರ ಬಿಟ್ಟು ವರ್ಷಕ್ಕೊಮ್ಮೆ ತಗೊಳ್ಳೋಣ ಅಂದರೆ ಹಬ್ಬಕ್ಕಿಷ್ಟು, ಮದುವೆಗಿಷ್ಟು ಅಂತ ಅಡ್ವಾನ್ಸಿನಲ್ಲೇ ಹರಿದು ಹೋಗುತ್ತದೆ. ಭಿಶಿಯೂ (ಮಂದಿ ಸೇರಿ ನಡೆಸುವ ಚೀಟಿ) ಆಯಿತು. ತಿಂಗಳಿಗೆ ಎರಡು ಸಾವಿರ, ಇಪ್ಪತ್ತು ಮಂದಿ. ಮೊದಲು ಎತ್ತಿಕೊಂಡವರು ಆಮೇಲೆ ತುಂಬಲಿಲ್ಲ, ನಡೆಸುವವನು ಊರು ಬಿಟ್ಟ. ನನ್ನ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಆ ರೊಕ್ಕದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಡ್ರೈವರುಗಳ ಭಿಶಿಯಲ್ಲಿ ತಿಂಗಳ ಕಂತಿನ ದಿನ ಅರ್ಧ ಮಂದಿ ಬೇರೆ ರಾಜ್ಯದಲ್ಲಿರುತ್ತಾರೆ. ಕೇಳುವವರೇ ಇರುವುದಿಲ್ಲ.

ನಿಜವಾದ ತೊಡಕು ಇದ್ದದ್ದು ಸಾವಕಾರರ ಹತ್ತಿರ. ಭತ್ತೆ ಮತ್ತು ದಾರಿ ಖರ್ಚು ಎರಡನ್ನೂ ಸೇರಿಸಿ ಹೊರಡುವಾಗ ಕೈಗೆ ಕೊಡುವುದು ಅವರ ರೂಢಿ. ಭತ್ತೆಯನ್ನು ಬೇರೆ ಮಾಡಿ ಫೋನ್‌ಪೇಯಲ್ಲಿ ನಮ್ಮಾಕೆಯ ನಂಬರಿಗೆ ಹಾಕಿರಿ ಅಂತ ಕೇಳಿದೆ. ಅವರು ಒಪ್ಪಲಿಲ್ಲ.

"ಕಿಸೆದಾಗ ರೊಕ್ಕ ಇಲ್ಲದ ಡ್ರೈವರ್ ನನ್ನ ಟ್ಯಾಂಕಿನ ಮ್ಯಾಲೆ ಕಣ್ಣಿಡ್ತಾನ. ನಾ ಹೆಂಗ ನಂಬಲಿ?"

"ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಿಡೀರಿ ಸಾವಕಾರ್ರ. ಲೀಟರಿಗೆ ನಾಲ್ಕು ಕಿಲೋಮೀಟರಿನ ಆವರೇಜಿಗಿಂತ ಕಮ್ಮಿ ಬಂದ್ರ ನನ್ನ ಪಗಾರದಾಗ ಮುರಕೊಳ್ರಿ."

"ಹೆಚ್ಚಿಗಿ ಬಂದ್ರ?"

"ಅರ್ಧ ನನಗ ಕೊಡ್ರಿ."

ಈ ಮಾತಿನ ಮೇಲೆ ಭತ್ತೆ ನಮ್ಮಾಕೆಯ ನಂಬರಿಗೆ ಹೋಗಲು ಶುರುವಾಯಿತು. ಆವರೇಜಿನ ರೊಕ್ಕ ನಾನು ಎಣಿಸಿರದ ಎರಡನೇ ಗಳಿಕೆಯಾಯಿತು. ಹೊಸ ಡ್ರೈವರುಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಪಗಾರ ಹೆಚ್ಚಿಸಿರಿ ಅಂತ ಕೇಳಬೇಡಿ, ಆವರೇಜಿನ ಪಾಲು ಕೇಳಿ. ಸಾವಕಾರರಿಗೂ ಅದರಲ್ಲಿ ಲಾಭ ಇರುವುದರಿಂದ ಕೊಡಲು ಕೈ ಹಿಂದೆ ಬರುವುದಿಲ್ಲ.

ಲೆಕ್ಕ ಹೀಗಿದೆ. ವಿಜಯಪುರದಿಂದ ಹುನಗುಂದ, ಹೊಸಪೇಟೆ, ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಹೋಗಿ ಬರುವುದು ಸಾವಿರದ ಐವತ್ತು ಕಿಲೋಮೀಟರ್ ಅಂತ ಹಿಡಿಯಿರಿ. ನಾಲ್ಕರ ಆವರೇಜಿಗೆ 262 ಲೀಟರ್ ಬೇಕು. 4.3 ತೆಗೆದರೆ 244 ಸಾಕು. ಲೀಟರಿಗೆ ತೊಂಬತ್ತು ರೂಪಾಯಿ ಹಿಡಿದರೂ ಒಂದು ಸುತ್ತಿಗೆ ಸಾವಿರದ ಆರುನೂರು ಉಳಿಯುತ್ತದೆ, ಅರ್ಧ ನನ್ನದು. ಸೀಜನ್ನಿನಲ್ಲಿ ತಿಂಗಳಿಗೆ ನಾಲ್ಕು ಸಾವಿರ ಕಂಡಿದ್ದೇನೆ, ಮಳೆಗಾಲದಲ್ಲಿ ಸಾವಿರವೂ ಆಗಿಲ್ಲ.

ಎಪ್ಪತ್ತರಲ್ಲಿ ಓಡಿಸುತ್ತಿದ್ದವನು ಐವತ್ತೈದಕ್ಕೆ ಇಳಿದೆ. ಬೆಂಗಳೂರು ಮುಟ್ಟುವುದು ಎರಡು ತಾಸಿನ ಮೇಲೆ ತಡವಾಗುತ್ತದೆ, ಆದರೆ ಮಾರ್ಕೆಟ್ಟಿನ ಗೇಟಿನಲ್ಲಿ ಹೇಗೂ ನಿಲ್ಲಬೇಕಲ್ಲ. ಬೆಳಿಗ್ಗೆ ಗಾಲಿ ತಣ್ಣಗಿರುವಾಗಲೇ ಹವಾ ನೋಡುತ್ತೇನೆ. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದನ್ನು ಯಾರೂ ನೋಡುವುದಿಲ್ಲ, ಅದೇ ಡೀಸೆಲ್ ತಿನ್ನುತ್ತದೆ. ತಾಡಪತ್ರಿ ಪಟಪಟ ಬಡಿಯದಂತೆ ಹಗ್ಗ ಅಡ್ಡಡ್ಡ ಎಳೆದು ಕಟ್ಟುತ್ತೇನೆ. ನಿಂತಲ್ಲಿ ಇಂಜಿನ್ ಬಂದ್.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿಯುತ್ತದೆ ಅಂತ ಬಹಳ ಮಂದಿ ಹೇಳುತ್ತಾರೆ. ಈಗಿನ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಅದು ಸುಳ್ಳು. ಗೇರಿನಲ್ಲಿದ್ದು ಎಕ್ಸಿಲರೇಟರ್ ಬಿಟ್ಟರೆ ಇಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ಡೀಸೆಲ್ ಹೋಗುತ್ತಲೇ ಇರುತ್ತದೆ, ಮೇಲಾಗಿ ಭಾರದ ಗಾಡಿಯ ಬ್ರೇಕ್ ಕಾದು ಬಿಸಿಯಾಗುತ್ತದೆ. ಹೊಸಪೇಟೆಯ ಇಳಿಜಾರಿನಲ್ಲಿ ಎರಡೂ ಮಾಡಿ ಮೀಟರ್ ನೋಡಿದ್ದೇನೆ, ಗೇರೇ ಗೆದ್ದಿತು. ಏರಿನಲ್ಲಿ ನಾನು ಗೇರ್ ಬದಲಿಸುವ ಜಾಗ ಮತ್ತು ಆರ್‌ಪಿಎಂ ನನ್ನ ಹತ್ತಿರವೇ ಇರಲಿ. ಅದನ್ನು ಕಲಿಯಲು ನನಗೆ ಒಂದು ಸೀಜನ್ ಹಿಡಿದಿದೆ.

ಹೊಗೆ ಶುದ್ಧ ಮಾಡಲು ಬಿಎಸ್-6 ಗಾಡಿಗೆ ಹಾಕುವ ಯೂರಿಯಾ ನೀರಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ರಸ್ತೆ ಬದಿಯ ಬಿಡಿ ಮಾಲು ಹಾಕಿದ ನಮ್ಮ ಜೋಡಿ ಗಾಡಿಗೆ ಸೈಲೆನ್ಸರ್ ಕಡೆಯ ರಿಪೇರಿಗೆ ದೊಡ್ಡ ಬಿಲ್ಲೇ ಬಂತು. ಸೀಲ್ ಇದ್ದ ಬಕೆಟ್ಟೇ ತಗೊಳ್ಳಿರಿ.

ಇನ್ನು ಹೊಟ್ಟೆ. ನೂರು ರೂಪಾಯಿಯಲ್ಲಿ ದಿನ ಹೇಗೆ ಕಳೆಯುತ್ತೀ ಅಂತ ಎಲ್ಲರೂ ಕೇಳುತ್ತಾರೆ. ಢಾಬಾದಲ್ಲಿ ಒಂದು ಊಟಕ್ಕೇ ಅದು ಸಾಲದು. ಮೊದಲು ಗಾಡಿಯ ಬ್ಯಾಟರಿ ಮೇಲೆ ನಡೆಯುವ 24 ವೋಲ್ಟಿನ ಕುಕ್ಕರ್ ತಂದೆ. ಎರಡು ಸಾವಿರ ಕೊಟ್ಟಿದ್ದೆ. ಅನ್ನ ಆಗಲು ತಾಸು ಮೇಲೆ ಬೇಕು, ಇಂಜಿನ್ ಬಂದ್ ಇಟ್ಟರೆ ಬ್ಯಾಟರಿ ಇಳಿಯುತ್ತದೆ, ಚಾಲೂ ಇಟ್ಟರೆ ಆವರೇಜ್ ಹೋಗುತ್ತದೆ. ಮಾರಿದೆ. ಐದು ಕೆಜಿಯ ಸಿಲಿಂಡರ್, ಸಣ್ಣ ಒಲೆ ತಗೊಂಡೆ. ಗಾಡಿಯಿಂದ ದೂರ, ಗಾಳಿ ಇಲ್ಲದ ಕಡೆ ಇಳಿಸಿ ಹಚ್ಚುತ್ತೇನೆ, ಕ್ಯಾಬಿನ್ನಿನೊಳಗೆ ಎಂದೂ ಇಲ್ಲ.

ಅಡುಗೆಗಿಂತ ದೊಡ್ಡ ಉಳಿತಾಯ ನಮ್ಮ ಖಡಕ್ ರೊಟ್ಟಿ. ಅವ್ವ ಮಾಡಿ ಕೊಟ್ಟ ಜೋಳದ ಖಡಕ್ ರೊಟ್ಟಿ ಎರಡು ವಾರ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ ಇದ್ದರೆ ಒಲೆಯೇ ಬೇಡ. ಹುಬ್ಬಳ್ಳಿ ಕಡೆ ಹೊರಟರೆ ಕೊಲ್ಹಾರದಲ್ಲಿ ಮೊಸರು ತಗೊಳ್ಳುತ್ತೇನೆ, ಅದಕ್ಕೆ ಕೊಡುವ ರೊಕ್ಕಕ್ಕೆ ನನಗೆ ಬೇಜಾರಿಲ್ಲ. ರಾತ್ರಿ ಮಾತ್ರ ಬ್ಯಾಳಿ, ಅನ್ನ. ಲೋಡಿನಲ್ಲಿದ್ದ ಒಂದು ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ. ಮಾರ್ಕೆಟ್ಟಿನ ದಲಾಲರು ನನ್ನ ಗಾಡಿಯನ್ನೇ ಕೇಳಿ ತರಿಸುವುದಕ್ಕೆ ಅದೂ ಒಂದು ಕಾರಣ. ಹಿಂದಿರುಗುವ ಲೋಡ್ ಬೇಗ ಸಿಗಲು ನಾನು ಯಾರಿಗೆ, ಯಾವಾಗ ಫೋನ್ ಹಚ್ಚುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ರೊಕ್ಕ ಇಡಲು ನಾನು ಆರಿಸಿದ್ದು ಪೋಸ್ಟ್ ಆಫೀಸಿನ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ. ಐದು ವರ್ಷದ್ದು. ಮೂರು ವರ್ಷದ ಮೊದಲು ಮುರಿಯಲು ಬರುವುದಿಲ್ಲ, ನನಗೆ ಬೇಕಾಗಿದ್ದದ್ದೇ ಅದು. ಹನ್ನೆರಡು ಕಂತು ತುಂಬಿದ ಮೇಲೆ ಅರ್ಧದವರೆಗೆ ಸಾಲ ಸಿಗುತ್ತದೆ. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಆ್ಯಪ್‌ನಿಂದ ಕಂತು ತುಂಬಬಹುದು, ಹಾಗಾಗಿ ಗಾಡಿ ಎಲ್ಲಿದ್ದರೂ ತಪ್ಪುವುದಿಲ್ಲ. ಕಂತು ಎಷ್ಟಿರಬೇಕು ಅನ್ನುವುದನ್ನು ಮಳೆಗಾಲ ನೋಡಿ ನಿರ್ಧರಿಸಿರಿ. ಆಷಾಢ-ಶ್ರಾವಣದಲ್ಲಿ ಬಾಡಿಗೆ ಬಿದ್ದು ಗಾಡಿ ಅರ್ಧ ತಿಂಗಳು ನಿಂತರೂ ಭತ್ತೆಯಿಂದ ನಾಲ್ಕು ಸಾವಿರ ಬಂದೇ ಬರುತ್ತದೆ, ನನ್ನ ಕಂತೂ ಅಷ್ಟೇ. ನನ್ನ ಗೆಳೆಯನೊಬ್ಬ ಉಳ್ಳಾಗಡ್ಡಿ ಸೀಜನ್ನಿನ ಹುಮ್ಮಸ್ಸಿನಲ್ಲಿ ಏಳು ಸಾವಿರದ್ದು ಶುರು ಮಾಡಿದ, ಮಳೆ ಬಂದಾಗ ತುಂಬಲಾಗದೆ ನೂರಕ್ಕೆ ಒಂದು ರೂಪಾಯಿಯಂತೆ ದಂಡ ಕಟ್ಟಿದ, ಕೊನೆಗೆ ಬಿಟ್ಟೇ ಬಿಟ್ಟ. ಸೀಜನ್ನಿನ ಹೆಚ್ಚಿನದು ಉಳಿತಾಯ ಖಾತೆಯಲ್ಲಿ ಇರಲಿ.

ಅದೇ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಅಪಘಾತ ವಿಮೆಗೆ, 436 ಜೀವ ವಿಮೆಗೆ ಹೋಗುತ್ತದೆ. ಎರಡೂ ಎರಡು ಲಕ್ಷದ ಸರ್ಕಾರಿ ಯೋಜನೆಗಳು. ಮೇ ಕೊನೆಯಲ್ಲಿ ಖಾತೆಯಲ್ಲಿ ರೊಕ್ಕ ಇರದಿದ್ದರೆ ವಿಮೆ ನಿಂತು ಹೋಗುತ್ತದೆ. ನಮ್ಮ ಕೆಲಸದಲ್ಲಿ ಇದನ್ನು ಬಿಡುವುದು ಅನ್ಯಾಯ, ನಮಗಲ್ಲ, ಮನೆಯವರಿಗೆ.

ಓವರ್‌ಲೋಡ್ ಬಗ್ಗೆ ಒಂದು ಮಾತು. 2019ರ ತಿದ್ದುಪಡಿಯ ಮೇಲೆ ದಂಡ 20,000, ಮೇಲಿನ ಪ್ರತಿ ಟನ್ನಿಗೆ 2,000. "ಎರಡು ಟನ್ ಹಾಕ್ಕೋ, ನಾ ನೋಡ್ಕೋತೀನಿ" ಅಂತ ಹೇಳುವವರಿಗೆ ನಾನು, "ಆ ಮಾತು ವಾಟ್ಸಾಪ್‌ನಾಗ ವಾಯ್ಸ್ ಹಾಕ್ರಿ" ಅನ್ನುತ್ತೇನೆ. ಅಲ್ಲಿಗೆ ಎರಡು ಟನ್ ಇಳಿಯುತ್ತದೆ.

ಸ್ವಂತ ಗಾಡಿ ತಗೋ ಅಂತ ಈಗ ಎಲ್ಲರೂ ಹೇಳುತ್ತಿದ್ದಾರೆ. ಈ ರೊಕ್ಕಕ್ಕೆ ಹಳೇ ಗಾಡಿಯ ಸಾಲದ ಕಂತು ಕಟ್ಟುತ್ತಾ ಕೂರಲು ನನಗೆ ಮನಸ್ಸಿಲ್ಲ. ಮುಧೋಳ, ಜಮಖಂಡಿ, ಬೆಳಗಾವಿ ಕಡೆಯ ಸಕ್ಕರೆ ಫ್ಯಾಕ್ಟರಿಗಳಿಂದ ಎಥನಾಲ್ ಟ್ಯಾಂಕರ್‌ಗಳು ಈಗ ಬಹಳ ಓಡುತ್ತಿವೆ, ಪಗಾರವೂ ನನ್ನದಕ್ಕಿಂತ ಮೇಲು. ಅದಕ್ಕೆ ಲೈಸೆನ್ಸಿನಲ್ಲಿ ಅಪಾಯಕಾರಿ ಸರಕಿನ ನಮೂದು ಬೇಕು, ತರಬೇತಿ ಮುಗಿಸಬೇಕು, ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ತರಬೇತಿಯ ಫೀ, ಆ ದಿನಗಳಲ್ಲಿ ತಪ್ಪುವ ಪಗಾರ ಎರಡನ್ನೂ ಉಳಿತಾಯ ಖಾತೆಯಲ್ಲಿ ಬೇರೆ ತೆಗೆದಿಟ್ಟಿದ್ದೇನೆ. ಈ ಸಲದ ಉಳ್ಳಾಗಡ್ಡಿ ಸೀಜನ್ ಮುಗಿದ ಕೂಡಲೇ ಹೋಗುವುದು.