ದೇಶ ಮಾನವ ಹಕ್ಕಿನ ಕೋರ್ಟಿಗೆ ಹೆಂಗ ಒಪ್ಪಿಗಿ ಕೊಡ್ತೈತಿ? ಎರಡನೇ ಸಹಿ ನೋಡ್ರಿ

ಬಾಗಲಕೋಟಿ ನವನಗರದಾಗ ನಮ್ಮ ಆಫೀಸಿಗೆ ಒಬ್ರು ಆಯಿ ಬರ್ತಾರ. ಆಲಮಟ್ಟಿ ಹಿನ್ನೀರಿನ್ಯಾಗ ಹೊಲಾ ಮನಿ ಎರಡೂ ಮುಳುಗ್ಯಾವು, ಕಾಗದಪತ್ರ ಎಲ್ಲಾ ಒಂದು ಹಳದಿ ಕ್ಯಾರಿಬ್ಯಾಗಿನ್ಯಾಗ ಇಟ್ಟು ಮ್ಯಾಲೆ ರಬ್ಬರ್ ಬ್ಯಾಂಡ್ ಸುತ್ತಿರ್ತಾರ. ಪರಿಹಾರದ ಕೇಸು ಜಿಲ್ಲಾ ಕೋರ್ಟು, ಹೈಕೋರ್ಟಿನ ಧಾರವಾಡ ಪೀಠ ಮುಗಿಸಿ ಸುಪ್ರೀಂ ಕೋರ್ಟಿಗೂ ಹೋಗಿ ಬಂದೈತಿ. ಹ್ವಾದ ತಿಂಗಳ ಬಂದಾಗ ಕೇಳಿದ್ರು, "ವಕೀಲ್ಸಾಹೇಬ್ರ, ದಿಲ್ಲಿದೂ ಆತಲ್ಲ, ಇನ್ನ ಜಗತ್ತಿಂದು ಒಂದು ಕೋರ್ಟ್ ಐತೆಂತಲ್ಲ, ಅಲ್ಲೆ ಹಾಕೂಣೇನ್ರಿ?"

"ಇಲ್ಲ ಆಯಿ, ನಮ್ಮ ದೇಶ ಅಂಥಾ ಕೋರ್ಟಿಗೆ ಒಪ್ಪಿಗಿ ಕೊಟ್ಟಿಲ್ಲ" ಅಂದೆ. "ಕೇಸ್ ಹಾಕಾಕಿ ನಾನು, ಒಪ್ಪಿಗಿ ಅವ್ರದ್ಯಾಕ್ ಬೇಕು?" ಅಂದ್ರು. ಇದಕ್ಕ ಒಂದ್ ಮಾತಿನ್ಯಾಗ ಉತ್ತರ ಕೊಡಾಕ ಬರಂಗಿಲ್ಲ, ಹಂಗಾಗಿ ಹೆಜ್ಜಿ ಹೆಜ್ಜಿ ಹಿಡದು ಬರೀತೀನಿ.

ಊರಾಗ ಬಾಂದಿನ ಜಗಳ ಹಿರ್ಯಾರ ಮುಂದ ಬಂತಂದ್ರ ಮೊದ್ಲ ಏನ್ ಮಾಡ್ತಾರ? ಎರಡೂ ಕಡೆಯವ್ರಿಂದ "ಪಂಚರು ಹೇಳಿದ್ದಕ್ಕ ನಾವು ಬದ್ಧ" ಅಂತ ಬರಿಸ್ಕೊಂಡು ಸಹಿ ಹಾಕಸ್ತಾರ, ಒಬ್ಬಾಂವ ಸಹಿ ಹಾಕಂಗಿಲ್ಲ ಅಂದ್ರ ಪಂಚಾಯ್ತಿ ಎದ್ದ್ ಹೋಗ್ತೈತಿ. ನಮ್ಮ ಸಿವಿಲ್ ಕೋರ್ಟು ಹಂಗಲ್ಲ, ಸಮನ್ಸ್ ಕಳಸಿದ್ರ ಮುಗೀತು, ನಿಮ್ಮನ್ನ ಯಾರೂ ಕೇಳಂಗಿಲ್ಲ. ಆದ್ರ ದೇಶದ ಮ್ಯಾಲೆ ಸಮನ್ಸ್ ಕೊಡೋ ದೊಡ್ಡ ಸರ್ಕಾರ ಅಂತ ಜಗತ್ತಿನ್ಯಾಗ ಯಾವ್ದೂ ಇಲ್ಲ. ಅದಕ್ಕ ದೇಶಗಳ ವ್ಯವಹಾರ ಪಂಚರ ಮಾದರಿದು, ತಾನಾಗಿ ಒಪ್ಪಿದ್ರಷ್ಟ ಕೋರ್ಟು.

ಮೊದಲನೇ ಹೆಜ್ಜಿ ಒಪ್ಪಂದಕ್ಕ ಸಹಿ ಹಾಕೋದು. ಇದು ನಿಶ್ಚಯ ಕಾರ್ಯ ಇದ್ದಂಗ, ಮಾತು ಆಗೈತಿ ಅಕ್ಕಿಕಾಳು ಬಿದ್ದಿಲ್ಲ. ಅಮೆರಿಕ ದೇಶ ಅಮೆರಿಕ ಖಂಡಗಳ ಮಾನವ ಹಕ್ಕು ಒಪ್ಪಂದಕ್ಕ 1977ರಾಗ ಸಹಿ ಹಾಕೇತಿ, ಇವತ್ತಿನ ತನಕ ಅಕ್ಕಿಕಾಳು ಬಿದ್ದಿಲ್ಲ.

ಎರಡನೇದು ಅನುಮೋದನೆ. ಸಹಿ ಹಾಕಿದ ಮ್ಯಾಲೆ ಮನ್ಯಾಗ ಬಂದು ಸಂಪುಟ, ಪಾರ್ಲಿಮೆಂಟು ಏನ್ ನಿಯಮ ಐತಿ ಅದರ ಪ್ರಕಾರ ಒಪ್ಪಿಗಿ ತಗೊಂಡು, ಒಪ್ಪಿಗಿ ಪತ್ರ ಒಯ್ದು ಒಪ್ಪಂದ ಕಾಯೋ ಸಂಸ್ಥೆಗೆ ಕೊಡ್ಬೇಕು, ಯುರೋಪಿನವ್ರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ್ಯಾಗ, ಅಮೆರಿಕ ಖಂಡದವ್ರು ವಾಷಿಂಗ್ಟನ್‌ನ್ಯಾಗ. ಇಲ್ಲಿಗೆ ದೇಶ ಹಕ್ಕುಗಳಿಗೆ ಬದ್ಧ ಆತು. ಆದ್ರ ಕೋರ್ಟಿಗೆ ಬದ್ಧ ಆತು ಅಂತ ತಿಳ್ಕೋಬ್ಯಾಡ್ರಿ, ಭಾಳ ಮಂದಿ, ನಮ್ಮ ವಕೀಲ್ರೂ ಸೈತ, ಎಡವೋದು ಇಲ್ಲೇ.

ಯಾಕಂದ್ರ ಕೋರ್ಟಿಂದು ಸಹಿ ಬ್ಯಾರೇನ ಇರ್ತೈತಿ, ನಾನು ಇದಕ್ಕ ಎರಡನೇ ಸಹಿ ಅಂತೀನಿ. ಕೋಸ್ಟರಿಕಾದ ಸ್ಯಾನ್ ಹೋಸೆ ಊರಾಗ ಇರೋ ಅಮೆರಿಕ ಖಂಡಗಳ ಕೋರ್ಟಿಂದ ನೋಡ್ರಿ: ಒಪ್ಪಂದದ 62ನೇ ವಿಧಿ ಪ್ರಕಾರ ದೇಶ "ಈ ಕೋರ್ಟಿನ ಅಧಿಕಾರ ಒಪ್ಪೀನಿ" ಅಂತ ಬ್ಯಾರೆ ಘೋಷಣೆ ಬರ್ದು ಕೊಡ್ಬೇಕು. ಷರತ್ತಿಲ್ದನ ಕೊಡಬಹುದು, ಇಂತಿಷ್ಟು ವರ್ಷಕ್ಕ ಅಂತ ಕೊಡಬಹುದು, ಒಂದೇ ಕೇಸಿಗೂ ಕೊಡಬಹುದು. ಕೊಟ್ಟ ಮ್ಯಾಲೂ ಸಾಮಾನ್ಯ ಮನಷ್ಯಾ ನೆಟ್ಟಗ ಕೋರ್ಟಿಗೆ ಹೋಗಂಗಿಲ್ಲ, ಮೊದ್ಲ ವಾಷಿಂಗ್ಟನ್‌ನ್ಯಾಗಿನ ಆಯೋಗಕ್ಕ ಅರ್ಜಿ ಹಾಕ್ಬೇಕು.

ಆಫ್ರಿಕಾದ ಕೋರ್ಟು ಟಾಂಜಾನಿಯಾದ ಅರುಷಾದಾಗ ಐತಿ, ಅಲ್ಲೆ ಇನ್ನೂ ಒಂದು ಬೀಗ ಜಾಸ್ತಿ. ಕೋರ್ಟಿನ ಒಪ್ಪಂದ ಅನುಮೋದನೆ ಮಾಡಿದ್ರೂ, ಮಂದಿ ಮತ್ತ ಸಂಘಸಂಸ್ಥೆ ನೆಟ್ಟಗ ಕೇಸ್ ಹಾಕ್ಬೇಕಂದ್ರ ಇನ್ನೊಂದು ಘೋಷಣೆ ಬೇಕು. ಆ ಕೋರ್ಟಿನ ಮೊಟ್ಟಮೊದಲ ತೀರ್ಪು ಬಂದಿದ್ದ ಈ ವಿಷಯದಾಗ. ಸ್ವಿಟ್ಜರ್ಲೆಂಡಿನ್ಯಾಗ ಇದ್ದ ಚಾಡ್ ದೇಶದ ಒಬ್ಬಾಂವ ಸೆನೆಗಲ್ ಮ್ಯಾಲೆ ಕೇಸ್ ಹಾಕಿದ್ದ, 2009ರ ಡಿಸೆಂಬರ್‌ನ್ಯಾಗ ಕೋರ್ಟು, ಸೆನೆಗಲ್ ಆ ಘೋಷಣೆ ಕೊಟ್ಟಿಲ್ಲ, ನಮಗ ಅಧಿಕಾರ ಇಲ್ಲ ಅಂತ ವಾಪಸ್ ಕಳಿಸ್ತು. ಒಳಗಿನ ವಿಷಯಕ್ಕ ಕೈ ಹಚ್ಚಲೇ ಇಲ್ಲ.

ಯುರೋಪಿನ್ಯಾಗೂ ಮೊದ್ಲ ಹಿಂಗ ಇತ್ತು. 1950ರಾಗ ರೋಮ್‌ನ್ಯಾಗ ಒಪ್ಪಂದ ಆತು, 1959ರಾಗ ಸ್ಟ್ರಾಸ್‌ಬರ್ಗ್‌ನ್ಯಾಗ ಕೋರ್ಟು ಕುಂತ್ತು, ಆದ್ರ ಘೋಷಣೆ ಕೊಡೋದು ಬಿಡೋದು ದೇಶದ ಮರ್ಜಿ. ಒಪ್ಪಂದ ಬರಿಯೋದ್ರಾಗ ಮುಂದ ಇದ್ದ ಬ್ರಿಟನ್ನ ತನ್ನ ಮಂದಿಗೆ ಅರ್ಜಿ ಹಾಕೋ ಹಕ್ಕು ಕೊಟ್ಟಿದ್ದು 1966ರಾಗ. 1998ರ ನವೆಂಬರ್ 1ಕ್ಕ 11ನೇ ಪ್ರೋಟೋಕಾಲ್ (ಮೂಲ ಒಪ್ಪಂದಕ್ಕ ಜೋಡಿಸೋ ಪೂರಕ ಒಪ್ಪಂದ) ಜಾರಿಗೆ ಬಂದ ಮ್ಯಾಲೆ ಎರಡೂ ಸಹಿ ಕೂಡಿ ಒಂದಾದುವು, ಈಗ ಒಪ್ಪಂದದಾಗ ಇದ್ದ ದೇಶ ಕೋರ್ಟಿನ್ಯಾಗೂ ಇದ್ದಂಗ. ನನಗ ಕೇಳಿದ್ರ ಖರೇ ಕೋರ್ಟು ಅಂದ್ರ ಇದು.

ಈಗ ಆಯಿಗೆ ಭಾಳ ಹಿಡಿಸಿದ ಕೇಸು ಹೇಳ್ತೀನಿ. ಸೈಪ್ರಸ್‌ನ ಟಿಟೀನಾ ಲೊಯ್ಜಿಡು ಅನ್ನೋ ಹೆಣಮಗಳದ್ದು ದ್ವೀಪದ ಉತ್ತರ ಭಾಗದಾಗ ಜಮೀನಿತ್ತು, 1974ರಾಗ ಟರ್ಕಿ ಸೈನ್ಯ ಬಂದ ಮ್ಯಾಲೆ ತನ್ನ ಜಮೀನಿಗೆ ತಾನ ಕಾಲಿಡದಂಗ ಆತು. ಟರ್ಕಿ ಮ್ಯಾಲೆ ಕೇಸಾತು. ಟರ್ಕಿ ಏನಂತು, ನಾವು ಘೋಷಣೆ ಕೊಟ್ಟಿದ್ದು ಖರೇ, ಆದ್ರ ನಮ್ಮ ಗಡಿ ಒಳಗ ಆಗಿದ್ದಕ್ಕಷ್ಟ ಅಂತ ಅದರಾಗ ಬರ್ದೀವಿ, ಸೈಪ್ರಸ್ ಅದರಾಗ ಬರಂಗಿಲ್ಲ. 1995ರ ಮಾರ್ಚ್‌ನ್ಯಾಗ ಕೋರ್ಟು ಆ ಷರತ್ತ ಒಪ್ಪಂದಕ್ಕ ಹೊಂದಂಗಿಲ್ಲ ಅಂತ ಷರತ್ತಷ್ಟ ಕಿತ್ತ ಹಾಕಿ ಒಪ್ಪಿಗಿ ಉಳಿಸ್ಕೊಂತು. ಬಾಂಡ್ ಪೇಪರಿನ್ಯಾಗ ಒಂದು ಸಾಲಿಗೆ ಅಡ್ಡ ಗೆರಿ ಹೊಡದು ಕೆಳಗಿನ ಸಹಿ ಹಂಗ ಬಿಟ್ಟಂಗ. 1996ರಾಗ ಕೇಸು ಆಕಿ ಕಡೆ ಆತು, 1998ರಾಗ ಪರಿಹಾರ ಎಷ್ಟಂತ ಆತು, ಟರ್ಕಿ ರೊಕ್ಕ ಕಟ್ಟಿದ್ದು ಮಾತ್ರ 2003ರ ಡಿಸೆಂಬರ್‌ನ್ಯಾಗ. "ಅಲ್ಲೂ ಹಿಂಗ ಅಲೀಬೇಕೇನ?" ಅಂದ್ರು ಆಯಿ.

ಒಪ್ಪಿಗಿ ಇದ್ರೂ ಇನ್ನೆರಡು ಗಂಟು ಬಿಚ್ಚಬೇಕು. ಒಪ್ಪಿಗಿ ಕೊಟ್ಟ ತಾರೀಖಿಗಿಂತ ಮೊದ್ಲ ಆಗಿ ಮುಗಿದಿದ್ದು ಸಾಮಾನ್ಯವಾಗಿ ಕೋರ್ಟಿನ್ಯಾಗ ಬರಂಗಿಲ್ಲ. ಎರಡನೇದು, ನಿಮ್ಮ ದೇಶದ ಕೋರ್ಟು ಎಲ್ಲಾ ಹತ್ತಿ ಇಳದಿರಬೇಕು, ಅದಾದ ಮ್ಯಾಲೂ ಸ್ಟ್ರಾಸ್‌ಬರ್ಗ್‌ನ್ಯಾಗ ಈಗ ನಾಕ ತಿಂಗಳ ಅಷ್ಟ ಟೈಮು.

ಮತ್ತ ಕೊಟ್ಟ ಒಪ್ಪಿಗಿ ವಾಪಸ್ ತಗೋಬಹುದೇನು? ತಗೋಬಹುದು, ಆದ್ರ ಎದ್ದ್ ನಿಂತ ಕಾಲ ಮ್ಯಾಲೆ ಅಲ್ಲ. ಪೆರು ದೇಶದಾಗ ಅಧ್ಯಕ್ಷ ಫುಜಿಮೋರಿ ಸರ್ಕಾರ 1999ರ ಜುಲೈದಾಗ, ನಾವು ಇವತ್ತಿಂದ ಕೋರ್ಟ್ ಒಪ್ಪಂಗಿಲ್ಲ ಅಂತು. ಸೆಪ್ಟೆಂಬರ್‌ನ್ಯಾಗ ಕೋರ್ಟು ಹೇಳ್ತು, ಹೊರಗ ಹೋಗೋದಾದ್ರ ಪೂರಾ ಒಪ್ಪಂದ ಬಿಟ್ಟ ಹೋಗ್ರಿ, ಅದಕ್ಕೂ ಒಂದು ವರ್ಷ ಮೊದ್ಲ ನೋಟಿಸ್ ಕೊಡ್ರಿ, ಬರೇ ಕೋರ್ಟ್ ಒಂದ ಬಿಡಾಕ ಬರಂಗಿಲ್ಲ ಅಂತ. ಮುಂದ ಸರ್ಕಾರ ಬದಲಾತು, 2001ರಾಗ ಪೆರು ತಾನ ತಿರುಗಿ ಬಂತು. ವೆನೆಜುವೆಲಾ ಮಾತ್ರ ನಿಯಮದ ಪ್ರಕಾರ 2012ರಾಗ ನೋಟಿಸ್ ಕೊಟ್ಟು ಹೋತು. ಆಫ್ರಿಕಾದ್ದು ನೋಡಿದ್ರ ಹೊಟ್ಯಾಗ ಸಂಕಟ ಆಕ್ಕೈತಿ: ರುವಾಂಡಾ 2016ರಾಗ, ಕೋರ್ಟಿಗೆ ಜಾಗಾ ಕೊಟ್ಟ ಟಾಂಜಾನಿಯಾ 2019ರಾಗ, ಬೆನಿನ್ ಮತ್ತ ಐವರಿ ಕೋಸ್ಟ್ 2020ರಾಗ ಮಂದಿ ನೆಟ್ಟಗ ಕೇಸ್ ಹಾಕಾಕ ಬೇಕಾದ ಆ ಘೋಷಣೆ ಅಷ್ಟ ಹಿಂದಕ್ಕ ತಗೊಂಡ್ವು. ಹಕ್ಕಿನ ಪಟ್ಟಿ ಗ್ವಾಡಿ ಮ್ಯಾಲೆ ಹಂಗ ಐತಿ, ಮಂದಿಗೆ ಬಾಗಿಲಾ ಮುಚ್ಚೇತಿ.

ಇನ್ನ ನಮ್ಮ ಲೆಕ್ಕ. ಏಷ್ಯಾಕ್ಕ ಇಂಥಾ ಕೋರ್ಟ್ ಇಲ್ಲೇ ಇಲ್ಲ. ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕ ಭಾರತ 1979ರಾಗ ಸೇರೇತಿ, ಆದ್ರ ನಿಮ್ಮಂಥಾ ನಮ್ಮಂಥಾವ್ರು ಆ ಒಪ್ಪಂದ ನೋಡ್ಕೊಳ್ಳೋ ಜಿನೀವಾದ ಸಮಿತಿಗೆ ದೂರು ಕೊಡಾಕ ದಾರಿ ಮಾಡೋ ಐಚ್ಛಿಕ ಪ್ರೋಟೋಕಾಲಿಗೆ ಸೇರಿಲ್ಲ. ಎರಡನೇ ಸಹಿ ನಮ್ಮದೂ ಇಲ್ಲ. ಅದು ಆಗ್ಬೇಕು, ಆಗಸ್ಬೇಕು, ಮುಳುಗಡೆ ಮಂದಿ ನೋಡಿದಾಗೆಲ್ಲ ನನಗ ಇದ ಅನಸ್ತೈತಿ.

ಅಲ್ಲೀತನಕ ಎರಡು ದಾರಿ ಅದಾವು. ಒಂದು, ಇಲ್ಲಿನ ಕೋರ್ಟಿನ್ಯಾಗ ಇಂಥಾ ಒಪ್ಪಂದದ ಮಾತು ಎತ್ತೋದು, 1997ರ ವಿಶಾಖಾ ತೀರ್ಪಿನ್ಯಾಗ ಸುಪ್ರೀಂ ಕೋರ್ಟು ಮಹಿಳೆಯರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ ಹಿಡದ, ಕೆಲಸದ ಜಾಗಾದಾಗ ಲೈಂಗಿಕ ಕಿರುಕುಳ ತಡಿಯಾಕ ನಿಯಮ ಮಾಡೇತಿ. ರಿಟ್ (ಹಕ್ಕಿಗಾಗಿ ನೆಟ್ಟಗ ಹೈಕೋರ್ಟಿಗೆ ಹಾಕೋ ಅರ್ಜಿ) ಹಾಕಾಕ ಬೆಳಗಾವಿ, ಬಾಗಲಕೋಟಿಯವ್ರಿಗೆ ಧಾರವಾಡ ಪೀಠ, ವಿಜಯಪುರದವ್ರಿಗೆ ಕಲಬುರಗಿ. ಇನ್ನೊಂದು, ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ (ಪತ್ರಕರ್ತರಲ್ಲ, ಒಂದೊಂದು ಹಕ್ಕಿನ ವಿಷಯ ನೋಡೋ ತಜ್ಞರು) ಬರಿಯೋದು, ವಸತಿ ಹಕ್ಕಿಗೆ ಅಂತ ಒಬ್ರು ಅದಾರ. ಅವ್ರು ಕೋರ್ಟಲ್ಲ, ತೀರ್ಪು ಕೊಡಂಗಿಲ್ಲ, ಆದ್ರ ಸರ್ಕಾರಕ್ಕ ಪತ್ರ ಬರ್ದು ಹಿಂಗ್ಯಾಕ ಆತು ಅಂತ ಕೇಳಬಹುದು, ಅದಕ್ಕ ದೇಶದ ಒಪ್ಪಿಗಿ ಬೇಕಾಗಿಲ್ಲ.

ಆಯಿ ಇದನ್ನ ಎರಡು ಸಲ ಹೇಳಿಸ್ಕೊಂಡ್ರು. ಆಮ್ಯಾಲೆ ರಬ್ಬರ್ ಬ್ಯಾಂಡ್ ಬಿಚ್ಚಿ, ಮುಳುಗಿದ ಮನಿ ಉತಾರ ಹುಡುಕಿ ತಗದು ಟೇಬಲ್ ಮ್ಯಾಲೆ ಇಟ್ರು. "ಬರೀರಿ ಹಂಗಾರ" ಅಂದ್ರು.